ಅಗಸೆ ಎಣ್ಣೆಯೂ ಓಣಿಯ ಬೆಕ್ಕುಗಳೂ

ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವಳು ನಾನು. ಯಜಮಾನರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಾವಿರ ದಾಟಿದಾಗ, 'ಇದನ್ನು ಇಳಿಸದಿದ್ದರೆ ನನ್ನ ಪದವಿಪತ್ರ ಒಲೆಗೆ ಹಾಕುತ್ತೇನೆ' ಎಂದು ಸಾರಿದೆ. ತುಪ್ಪ, ಸಕ್ಕರೆ, ಕರದಂಟು ಮನೆಯಿಂದ ಗಡಿಪಾರಾದವು. ಡಾಕ್ಟರು ಕೊಟ್ಟ ಗುಳಿಗೆಗಳೂ ಮುಗಿದವು. ಕೊಬ್ಬು ಮಾತ್ರ ಕಿತ್ತೂರಿನವರ ಹಾಗೆ, ಶರಣಾಗಲು ಒಪ್ಪಲಿಲ್ಲ!

ಬೈಲಹೊಂಗಲದ ಡಾಕ್ಟರ್ ಭಾಗ್ಯಾ ನನ್ನ ಹಳೆಯ ವಿದ್ಯಾರ್ಥಿನಿ. ನನ್ನೊಬ್ಬಳನ್ನೇ ಒಳಗೆ ಕರೆದಳು.

"ಮೇಡಮ್, ಹಿಂಗ ಬಿಟ್ರ ಹೊಟ್ಟ್ಯಾಗಿನ ಪ್ಯಾಂಕ್ರಿಯಾಸ್ ಗ್ರಂಥಿಗೆ ಬಾವು ಬಂದು ಜೀವಕ್ಕ ಕುತ್ತು ಬರತೈತಿ. ಮೀನೆಣ್ಣಿ ಗುಳಿಗಿ ಸೇರಸೋಣು."

ಮೀನು! ನಮ್ಮವರು ತತ್ತಿಯ ಅಂಗಡಿ ಮುಂದೆಯೂ ಮೂಗು ಮುಚ್ಚಿ ನಡೆಯುವವರು. ಕಾರವಾರದಲ್ಲಿ ನೌಕರಿ ಮಾಡಿಯೂ ಶುದ್ಧವಾಗಿ ಮರಳಿದ ಮಹಾನುಭಾವರು! ಹೇಳಿದರೆ ನುಂಗುವುದುಂಟೆ? ಮನೆಗೆ ಬಂದು ಸೀಸೆಯ ಚೀಟಿ ಕಿತ್ತೆಸೆದು, ಒಂದು ಗುಳಿಗೆ ಅವರ ಕೈಗಿಟ್ಟೆ.

"ಏನಿದು?"

"ಅಗಸಿ ಎಣ್ಣಿ ಗುಳಿಗಿರಿ. ಸುಮ್ನ ನುಂಗ್ರಿ."

"ಅಗಸಿ?" ಅವರು ಮುಖ ಕಿವುಚಿದರು. "ಕೈ ತೊಳಕೊಂಡು ನುಂಗತೇನಿ" ಎಂದು ಗುಳಿಗೆ ಹಿಡಿದು ಹಿತ್ತಲಿಗೆ ನಡೆದರು. ಪ್ರತಿದಿನವೂ ಹಾಗೆಯೇ. ಎಂಥ ವಿಧೇಯತೆ!

ಕ್ರಮೇಣ ಓಣಿಯ ಬೆಕ್ಕುಗಳೆಲ್ಲ ಊಟದ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಸಭೆ ಸೇರತೊಡಗಿದವು. ಪಕ್ಕದ ಮನೆಯ ಗುರವ್ವ ಗೋಡೆಯ ಮೇಲಿಂದ ಇಣುಕಿದಳು.

"ಅಕ್ಕಾರ, ಏನ್ ಅಡಗಿ ಮಾಡಾಕ ಹತ್ತೀರಿ? ನಮ್ಮ ಬೆಕ್ಕು ಹಾಲ ಮುಟ್ಟವಲ್ದು!"

"ರೊಟ್ಟಿ, ಪಲ್ಯ" ಎಂದೆ, ಗಂಭೀರವಾಗಿ.

ಮತ್ತೆ ರಕ್ತಪರೀಕ್ಷೆಯಾಯಿತು. ಕೊಬ್ಬು ಇನ್ನೂ ಏರಿತ್ತು! ನಮ್ಮವರನ್ನು ಕರೆದುಕೊಂಡು ಹೋಗಿ, ಭಾಗ್ಯಾಳಿಗೆ ಕಳಪೆ ಔಷಧದ ಬಗ್ಗೆ ಒಂದು ತರಗತಿಯನ್ನೇ ತೆಗೆದುಕೊಂಡೆ. ಅವಳು ತಾಳ್ಮೆಯಿಂದ ಕೇಳಿ, ಅವರತ್ತ ತಿರುಗಿದಳು.

"ಸರ್ರ, ಖರೇ ಹೇಳ್ರಿ. ಗುಳಿಗಿ ನುಂಗೀರಿಲ್ಲೋ?"

ನಮ್ಮವರು ಛಾವಣಿ ನೋಡಿದರು. "ಒಂದೂ ನುಂಗಿಲ್ಲವ್ವಾ. ಬೆಕ್ಕಿಗೆ ಹಾಕೇನಿ. ಇಕಿ ಮಾಡೂ ಅಗಸಿ ಚಟ್ನಿ ತಿಂದು ತಿಂದು, ಅಗಸಿ ಅಂದ್ರ ಸಾಕು, ಹೊಟ್ಟಿ ತೊಳಸತೈತಿ."

ಸವದತ್ತಿಯಿಂದ ರಾಮದುರ್ಗದವರೆಗೆ ಬೀಗರೆಲ್ಲ ಹೊಗಳಿದ ನನ್ನ ಚಟ್ನಿ! ಸಿಟ್ಟಿನಲ್ಲಿ ಗುಟ್ಟು ಹಾರಿಬಿಟ್ಟಿತು.

"ಅದು ಅಗಸಿ ಅಲ್ರಿ! ಮೀನು! ಮೀನಿನ ಎಣ್ಣಿ!"

ಅವರು ಕುಸಿದು ಬೀಳಬಹುದೆಂದು ಕುರ್ಚಿ ಎಳೆದಿಟ್ಟೆ. ಅವರ ಮುಖವೋ, ಅರಳಿತು!

"ಮೀನ? ಮೊದಲ ಹೇಳಬಾರದೇನ? ಕಾರವಾರ ಬಿಟ್ಟ ಮ್ಯಾಲ ಬಾಯಿಗೆ ಬಿದ್ದಿಲ್ಲ!"

ಭಾಗ್ಯಾ ಮೇಜಿನ ಕೆಳಗೆ ಬಗ್ಗಿ, ಬೀಳದ ಪೆನ್ನು ಹುಡುಕತೊಡಗಿದಳು.

ಈಗ ಕರೆಯುವ ಮೊದಲೇ ಬಂದು ಗುಳಿಗೆ ನುಂಗುತ್ತಾರೆ. ಕೊಬ್ಬೂ ಇಳಿಯುತ್ತಿದೆ. ಹಿತ್ತಲಲ್ಲಿ ಕಾದು ಕೂತ ಬೆಕ್ಕುಗಳಿಗೆ ನಿರಾಸೆಯಾಗಬಾರದೆಂದು, ನಿನ್ನೆ ರೊಟ್ಟಿಗೆ ನನ್ನ ಅಗಸೆ ಚಟ್ನಿ ಸವರಿ ಇಟ್ಟೆ.

ಮೂಸಿ ನೋಡಿ, ಒಂದರ ಹಿಂದೊಂದು ಗೋಡೆ ಹಾರಿ ಹೋದವು.