ನಾನು ಭಾರದ ಗುಂಡಿನ ಪಕ್ಷ

ಸೋತ ವಾದದಿಂದ ಮನುಷ್ಯನಿಗೆ ಅಂಥ ತೊಂದರೆಯೇನಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಮರೆತುಬಿಡಬಹುದು. ಗೆದ್ದ ವಾದ ಹಾಗಲ್ಲ. ಅದನ್ನು ಜೀವಮಾನವಿಡೀ ಹೊತ್ತು ತಿರುಗಬೇಕು. ಯಾರಾದರೂ ಕೇಳಿದಾಗಲೆಲ್ಲ ಮೀಸೆ ತೀಡಿ ಇನ್ನೊಮ್ಮೆ ಗೆಲ್ಲಬೇಕು. ನಾನು ಅಂಥದೊಂದು ವಾದ ಗೆದ್ದು ಎರಡು ವರ್ಷವಾಯಿತು. ಗೆದ್ದ ಮೇಲೆ ನಡೆದದ್ದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಈಗ ಬಿಡುತ್ತಿದ್ದೇನೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೇಳದೆ ಇಟ್ಟುಕೊಂಡು ಹೊಟ್ಟೆ ಬೇರೆ ಉಬ್ಬಿಹೋಗಿದೆ. ಹೊಟ್ಟೆ ಉಬ್ಬುವುದಕ್ಕೆ ಮೂರು ಹೊತ್ತಿನ ಕಂಬಿನ, ಅಂದರೆ ಸಜ್ಜೆಯ, ಕೂಳು ಕಾರಣವೆಂದು ನನ್ನ ಹೆಂಡತಿ ಮಲ್ಲಮ್ಮ ಹೇಳುತ್ತಾಳೆ. ಅವಳ ಮಾತಿಗೆ ಆಮೇಲೆ ಬರುತ್ತೇನೆ.

ಮಲೆಯಾಚೆ ಪೆರಿಯಾರ್ ಹೊಳೆಗೆ ಅಣೆ ಕಟ್ಟಿ ಮುಗಿದು, ಕೆಲಸಕ್ಕೆ ಬಂದಿದ್ದ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಅವರಲ್ಲೊಬ್ಬ ದೊರೆ ಸೀಮೆಗೆ ಹೊರಟಾಗ ತನ್ನ ಹಳೆಯ ಕೋವಿಯನ್ನು ನಮ್ಮೂರಿಗೆ ಬಿಟ್ಟುಹೋದ. ತಮಿಳು ನಾಡಿನೊಳಗೆ ಓಡೈಪಟ್ಟಿಯ ಕಡೆ ಮಲೆಯ ಬುಡದಲ್ಲಿ ಹೊಲವಿರುವ ಕನ್ನಡದವರಾದ ನಮಗೆಲ್ಲ ಕಾಡುಹಂದಿಯ ಕಾಟ. ಊರ ಗೌಡರು ಶಿಫಾರಸು ಮಾಡಿ, ಊರ ಬೆಳೆ ಕಾಯಲೆಂದು ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿದರು. ನನ್ನ ಗುರಿ ನೋಡಿ ಅಲ್ಲ. ದಿಂಡಿಗಲ್ಲಿನಲ್ಲಿ ನಾಲ್ಕು ವರ್ಷ ಓದಿ ಇಂಗ್ಲಿಷ್ ಕಲಿತವನು ಊರಿಗೆ ನಾನೊಬ್ಬನೇ, ದೊರೆ ಹೇಳಿದ್ದನ್ನು ತಿಳಿದುಕೊಳ್ಳುತ್ತೇನೆಂಬ ನಂಬಿಕೆ. ದೊರೆ ಅರ್ಧ ದಿನ ಕೂತು ಹೇಳಿದ. ನಾನು ಅರ್ಧ ದಿನ ಕೂತು "ಎಸ್ ಸಾರ್" ಎಂದೆ.

ತಿಳಿದಷ್ಟು ಹೇಳುತ್ತೇನೆ. ಕೋವಿಯ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ಆ ಗೀರು ಹಿಡಿದು ಬುಗುರಿಯಂತೆ ತಿರುಗುತ್ತ ಹೊರಗೆ ಬಂದರೆ ನೆಟ್ಟಗೆ ಹೋಗುತ್ತದೆ. ಬೇರೆ ಕೋವಿಗಳಲ್ಲಿ ಈ ಸುರುಳಿ ಬುಡದಿಂದ ಬಾಯಿಯವರೆಗೆ ಒಂದೇ ಸಮ. ನಮ್ಮ ಕೋವಿಯಲ್ಲಿ ಹಾಗಿಲ್ಲ: ಮದ್ದು ಕೂರುವ ಬುಡದಲ್ಲಿ ಗೀರು ಹೆಚ್ಚುಕಡಿಮೆ ನೇರ, ಮುಂದೆ ಹೋಗುತ್ತಾ ಹೋಗುತ್ತಾ ಸುತ್ತು ಬಿಗಿಯಾಗಿ, ಬಾಯಿಯ ಹತ್ತಿರ ಗಿರ್ರನೆ ತಿರುಗಿಸಿಬಿಡುತ್ತದೆ. ನಮ್ಮ ಮದುವೆಯೂ ಹೆಚ್ಚುಕಡಿಮೆ ಹೀಗೇ ನಡೆದುಬಂದಿದೆ, ಅದು ಬೇರೆ ಮಾತು. ಇಂಥ ನಳಿಗೆಗೆ ಭಾರದ ಗುಂಡು ಒಳ್ಳೆಯದೋ ಹಗುರದ್ದೋ ಎಂಬುದನ್ನೂ ದೊರೆ ಹೇಳಿದ. "ಭಾರದ ಗುಂಡು" ಎಂದು ತಲೆಯಾಡಿಸಿದ್ದು ನೆನಪಿದೆ. ಮೇಲೆ ಕೆಳಗೆ ಆಡಿಸಿದನೋ ಅಡ್ಡಡ್ಡ ಆಡಿಸಿದನೋ ನೆನಪಿಲ್ಲ. ಆ ಹೊತ್ತಿಗೆ ಅವನ ಅಡುಗೆಯವನು ಏನೋ ಹುರಿಯುತ್ತಿದ್ದ, ನನ್ನ ಗಮನ ಆ ಕಡೆ ಹೋಗಿತ್ತು.

ಊರಿಗೆ ಬಂದು, ಮೇಲೆ ಕೆಳಗೇ ಆಡಿಸಿದ ಎಂದು ಸಾರಿಬಿಟ್ಟೆ. ಭಾರದ ಮನುಷ್ಯನಿಗೆ ಭಾರದ ಗುಂಡಿನ ಮೇಲೆ ಸಹಜವಾಗಿಯೇ ಒಲವು. ಉದ್ದನೆಯ ಗುಂಡು ಎರೆಯುವ ಅಚ್ಚೊಂದನ್ನು ದಿಂಡಿಗಲ್ಲಿನ ಬೀಗ ಮಾಡುವ ಆಸಾರಿಯಿಂದ ಮಾಡಿಸಿ ತಂದೆ. ಅಂದಿನಿಂದ ಒಂದು ಹಂದಿಯೂ ಸಾಯಲಿಲ್ಲ. ಬೆಳೆ ಮಾತ್ರ ಹಾಳಾಗುತ್ತಲೇ ಹೋಯಿತು. ಊರವರು ಗೊಣಗತೊಡಗಿದರು. ಎಲ್ಲರಿಗಿಂತ ದೊಡ್ಡ ಗೊಣಗು ಕೆಂಚನದು. ಕೆಂಚನೆಂದರೆ ಮಲ್ಲಮ್ಮನ ತಮ್ಮ, ಅಣೆಯ ಕೆಲಸಕ್ಕೆ ಘಾಟಿಯ ಮೇಲೆ ಗಾಡಿ ಹೊಡೆದವನು. ಒಂದಕ್ಷರ ಓದಿದವನಲ್ಲ. ಆದರೂ ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ ನಕ್ಕುಬಿಟ್ಟ.

"ಮಾಮ, ಘಾಟಿ ದಾರೀಲಿ ಬರೀ ಗಾಡಿ ಆದ್ರೆ ಎಂಗೋ ತಿರುಗ್ಕಂಡು ಓಯ್ತದೆ. ಉದ್ದ ತೊಲೆ ಏರ್ಸಿದ್ರೆ? ಮೊದ್ಲ ತಿರುವು ಸರಿ. ಎರಡ್ನೇದು ಇನ್ನೂ ಇಕ್ಕಟ್ಟು. ಮೂರ್ನೇದ್ರಲ್ಲಿ ತೊಲೆ ಬಾಲ ಬಂಡೆಗೆ ಉಜ್ಕಂಡು, ತಲೆ ಎತ್ಲಾಗೋ ನೋಡ್ತದೆ. ಗುಂಡು ಭಾರ ಆಗ್ಬೇಕಂದ್ರೆ ಉದ್ದ ಆಗ್ಬೇಕು ತಾನೆ? ಉದ್ದ ಗುಂಡು ಒಂದ್ ಗೀರು ಹಿಡಿಯೋದ್ರೊಳಗೆ ಗೀರೇ ಬೇರೆ ಕಡೆ ತಿರುಗ್ತೈತೆ. ಸೀಸ ಸವೆದೋಯ್ತದೆ. ಉಂಡೆ ಗುಂಡಾದ್ರೆ ಆ ಕಷ್ಟ ಇಲ್ಲೆ."

"ಭಾರದ ಗಾಡೀನ ಒಂದೇ ಏಟ್ಗೆ ಎಳೆದ್ರೆ ನೊಗ ಮುರೀತದೆ ಮಾಪ್ಳೆ," ಎಂದೆ ನಾನು. "ಮೆಲ್ಲಗೆ ಹೊರಡಿಸ್ಬೇಕು, ಆಮೇಲೆ ಓಡಿಸ್ಬೇಕು. ಅದ್ಕೇ ದೊರೆ ಬುಡದಲ್ಲಿ ನೇರ ಇಟ್ಟಿರೋದು."

ನನ್ನ ಮಾತಿಗೇ ನನಗೆ ಮೆಚ್ಚುಗೆಯಾಯಿತು. ಅಂದಿನಿಂದ ಊರು ಎರಡು ಪಕ್ಷವಾಯಿತು. ಕಡೆಗೆ ಗೌಡರು ಕೂಟ ಸೇರಿಸಿ ಒಂದು ಮಾತು ಮಾಡಿದರು. ಹುಣಸೆಮರದ ಮುಂದೆ ಎರಡು ಮಡಕೆ. ಕೆಮ್ಮಣ್ಣು ಬಳಿದದ್ದು ನನ್ನದು, ಸುಣ್ಣ ಬಳಿದದ್ದು ಕೆಂಚನದು. ಎಂಬತ್ತು ಹೆಜ್ಜೆಯಿಂದ ಮೊದಲು ನಾನು ಭಾರದ ಗುಂಡು ಹೊಡೆಯುವುದು, ಆಮೇಲೆ ಅವನು ಉಂಡೆ ಗುಂಡು. ಮಡಕೆ ಒಡೆದವನ ಕೈಗೆ ಕೋವಿ, ಅವನ ಹೆಸರಿಗೆ ಲೈಸೆನ್ಸು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಊರಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಕೋವಿಯ ಮರ್ಯಾದೆ. ಅದು ಹೋದರೆ ಉಳಿಯುವುದು ದಿಂಡಿಗಲ್ಲಿನ ನಾಲ್ಕು ವರ್ಷ, ಅದರಲ್ಲಿ ಎರಡು ವರ್ಷ ಒಂದೇ ತರಗತಿಯಲ್ಲಿ ಕಳೆದದ್ದು.

ಆ ಬೆಳಿಗ್ಗೆ ಊರೆಲ್ಲ ಬಂದು ಸೇರಿತು. ಮದ್ದು ಸುರಿದು, ಗುಂಡು ಗಿಡಿದು, ಮಂಡಿಯೂರಿ ಇನ್ನೇನು ಗುರಿ ಹಿಡಿಯಬೇಕು, ಅಷ್ಟರಲ್ಲಿ ದೇವರ ಆವುಗಳ, ಅಂದರೆ ದೇವರಿಗೆ ಬಿಟ್ಟ ದನಗಳ, ಮಂದೆ ಬಂತು. ಇದು ನಮ್ಮ ಕುಲದ ಮಂದೆ. ಇದರ ಹಾಲು ಮಾರುವುದಿಲ್ಲ, ಹೋರಿಗಳಿಗೆ ನೊಗ ಹೂಡುವುದಿಲ್ಲ, ಯಾರ ಹೊಲಕ್ಕೆ ನುಗ್ಗಿದರೂ ಕೋಲೆತ್ತುವುದಿಲ್ಲ. ಮಂದೆಗೊಂದು ಪಟ್ಟದ ಹೋರಿ. ಹಳೆಯದು ತೀರಿಕೊಂಡರೆ ಮಂದೆಯ ಮುಂದೆ ಕಬ್ಬು ಇಡುತ್ತೇವೆ. ಮೊದಲು ಬಂದು ಬಾಯಿ ಹಾಕಿದ ಹೋರಿಗೆ ಪಟ್ಟ. ಅಂಥ ಪಟ್ಟದ ಹೋರಿ ನಡೆದು ಬಂದು ನನಗೂ ಮಡಕೆಗೂ ನಡುವೆ ನಿಂತಿತು. ಓಡಿಸುವಂತಿಲ್ಲ. "ಹೋಗಪ್ಪಾ ಸಾಮಿ" ಎಂದು ದೂರದಿಂದ ಬೇಡಿಕೊಳ್ಳಬಹುದು, ಅಷ್ಟೇ. ಬೇಡಿಕೊಂಡೆವು. ಬಿಸಿಲೇರಿತು. ನನ್ನ ಮಂಡಿ ಮರಗಟ್ಟಿತು. ಕಡೆಗೆ ಹೋರಿ ಆಕಳಿಸಿ, ಮರದ ಹತ್ತಿರ ಹೋಗಿ, ಕತ್ತಿನ ನವೆಗೆ ಕಾಂಡಕ್ಕೆ ಉಜ್ಜಿಕೊಂಡು, ಹಿಂದಿರುಗುವಾಗ ಕೊಂಬಿನಿಂದ ಕೆಮ್ಮಣ್ಣಿನ ಮಡಕೆಯನ್ನು ತಿವಿದು ಒಡೆಯಿತು.

ಎಲ್ಲರೂ ಗೌಡರ ಮುಖ ನೋಡಿದರು. ಕಬ್ಬಿನಲ್ಲಿ ಪಟ್ಟ ಕೊಡುವ ದೇವರು ಮಡಕೆಯಲ್ಲಿ ಕೋವಿ ಕೊಡಲಾರನೇ? ಕೊಟ್ಟದ್ದು ಯಾರಿಗೆ ಎಂಬುದೇ ತಕರಾರು. ದೇವರು ನನ್ನ ಮಡಕೆಯನ್ನು ಬೇಡವೆಂದು ತಳ್ಳಿದನೆಂದು ಕೆಂಚನ ಪಕ್ಷ. ಗೌಡರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಮಡಕೆ ಒಡೆದವ್ನಿಗೆ ತುಪಾಕಿ ಅಂತ ಮಾತಾಗೈತೆ. ಇವನ ಮಡಕೆ ಒಡೆದೋಯ್ತು. ಇವನ ಪರವಾಗಿ ಸಾಮೀನೇ ಒಡೆದೈತೆ. ಇನ್ನು ಯಾರೂ ಮಾತಾಡ್ಬೇಡಿ." ಕೆಂಚ ಹೋರಿಗೆ ಕೈಮುಗಿದು ಮನೆಗೆ ಹೋದ. ಒಂದು ಗುಂಡೂ ಹಾರದೆ ಭಾರದ ಗುಂಡು ಗೆದ್ದಿತು.

ಆದರೆ ಗುಂಡು ಕೋವಿಯೊಳಗೇ ಕೂತಿತ್ತು. ಬಾಯಿಯಿಂದ ಗಿಡಿದ ಗುಂಡನ್ನು ತೆಗೆಯುವ ಸುಲಭದ ದಾರಿಯೆಂದರೆ ಹೊಡೆಯುವುದು. ಮಂದೆ ಹೋಗಿತ್ತು, ಊರೂ ಹೋಗಿತ್ತು. ಕೂಳು ತಂದ ಮಲ್ಲಮ್ಮ ಒಬ್ಬಳಿದ್ದಳು. ಸುಣ್ಣದ ಮಡಕೆ ಇನ್ನೂ ಅಲ್ಲೇ ಇತ್ತು. ಗೆದ್ದ ಹುಮ್ಮಸ್ಸಿನಲ್ಲಿ ಅದಕ್ಕೇ ಗುರಿಯಿಟ್ಟು ಹೊಡೆದೆ. ಮಡಕೆ ಅಲುಗಲಿಲ್ಲ. ಮಡಕೆಯಿಂದ ಒಂದು ಮಾರು ಪಕ್ಕಕ್ಕೆ, ಹುಣಸೆಮರದ ಕಾಂಡದಲ್ಲಿ ತೂತು. ದುಂಡಗಿನ ತೂತಲ್ಲ, ಬೆರಳುದ್ದದ್ದು. ಗುಂಡು ದಾರಿಯಲ್ಲೇ ಸುತ್ತು ಕಳೆದುಕೊಂಡು, ಅಡ್ಡಡ್ಡ ಮಲಗಿಕೊಂಡೇ ಹೋಗಿ ಬಡಿದಿತ್ತು. ಕೆಂಚನ ತೊಲೆ ಬಂಡೆಗೆ ಉಜ್ಜಿಕೊಂಡ ಹಾಗೆಯೇ.

ಅಂದು ನನಗಾದ ನಾಚಿಕೆ ಹೇಳತೀರದು. ಮಲ್ಲಮ್ಮ ತೂತನ್ನು ನೋಡಿದಳು, ನನ್ನನ್ನು ನೋಡಿದಳು. ಪಟ್ಟದ ಹೋರಿ ಹಾಕಿ ಹೋಗಿದ್ದ ಹಸಿ ಸಗಣಿಯನ್ನು ಒಂದು ಹಿಡಿ ತೆಗೆದು ತೂತಿಗೆ ಮೆತ್ತಿದಳು. "ಈ ಮಾತು ಇಲ್ಲೇ ಇರ್ಲಿ. ಕೂಳು ಆರೋಗ್ತೈತೆ, ಉಣ್ಣಿ ಬನ್ನಿ," ಎಂದಳು. ಆ ಕ್ಷಣ ಅವಳ ಮೇಲೆ ಬಂದ ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಆಮೇಲೆ ಗುಟ್ಟಾಗಿ ಉಂಡೆ ಗುಂಡಿನ ಅಚ್ಚು ತರಿಸಿದೆ. ಹಂದಿಗಳು ಬೀಳತೊಡಗಿದವು. ಊರೆಲ್ಲ ಭಾರದ ಗುಂಡನ್ನು ಹೊಗಳಿತು. ಕಷ್ಟವಾದದ್ದು ಕೆಂಚನಿಂದ. ಭಾರದ ಗುಂಡಿನ ಮಹಿಮೆ ಕಲಿಯಬೇಕೆಂದು ಅವನು ಪದೇ ಪದೇ ನನ್ನ ಜೊತೆ ಹೊರಡುತ್ತಿದ್ದ. ಅವನೆದುರು ಭಾರದ್ದನ್ನೇ ತುಂಬಬೇಕು, ಹಂದಿ ತಪ್ಪಬೇಕು, "ಗಾಳಿ ಜಾಸ್ತಿ" ಎಂದು ನಾನು ಹೇಳಬೇಕು. "ಆಮಾ ಮಾಮ, ಗಾಳಿ," ಎಂದು ಅವನು ಬಹಳ ವಿನಯದಿಂದ ಒಪ್ಪುತ್ತಿದ್ದ.

ಇತ್ತ ಹುಣಸೆಮರದ ಸಗಣಿಯ ಬೊಟ್ಟು ಒಣಗಿ ಗಟ್ಟಿಯಾಯಿತು. ಸಾಮಿ ಮೈಯುಜ್ಜಿದ ಮರವೆಂದು ಯಾರೋ ಅದಕ್ಕೆ ಅರಿಶಿನ ಹಚ್ಚಿದರು, ಇನ್ಯಾರೋ ಕುಂಕುಮ. ಹೋದ ಮಾಟು ಪೊಂಗಲಿಗೆ, ದನಗಳ ಹಬ್ಬದ ದಿನ, ಊರೇ ಅಲ್ಲಿ ಸೇರಿತು. ಸಾಮಿ ತೀರ್ಪು ಕೊಟ್ಟದ್ದು ನನಗಾದ್ದರಿಂದ ಮೊದಲ ಕಾಯಿ ನಾನೇ ಒಡೆಯಬೇಕೆಂದರು ಗೌಡರು. ನನ್ನದೇ ಗುರಿ ತಪ್ಪಿದ ಗುಂಡಿಗೆ ಕೈಮುಗಿದು ನಿಂತೆ. ಕೆಂಚ ಕಾಯಿ ತಂದು ಕೈಗಿಟ್ಟು, ಕಿವಿಯ ಹತ್ತಿರ ಬಾಗಿದ.

"ಮೆಲ್ಲಗೆ ಒಡೀರಿ ಮಾಮ. ಮರದೊಳಗೆ ನಿಮ್ಮ ಗುಂಡು ಅಡ್ಡಡ್ಡ ಮಲ್ಗೈತೆ, ಎದ್ಬಿಟ್ಟೀತು."

ಮಲ್ಲಮ್ಮನ ಕಡೆ ತಿರುಗಿದೆ. ಅವಳು ಮಲೆಯ ಕಡೆ ತಿರುಗಿದಳು.

"ಯಾವತ್ತು ಹೇಳಿದ್ಲು?" ಎಂದೆ.

"ಅವತ್ತು ಸಾಯಂಕಾಲಾನೆ."

"ಮತ್ತೆ ನನ್ ಜೊತೆ ಯಾಕೋ ಬತ್ತಿದ್ದೆ?"

"ನೀವು 'ಗಾಳಿ' ಅನ್ನೋದು ಕೇಳಾಕೆ ಮಾಮ. ಅದನ್ನ ಕೇಳ್ದಿದ್ರೆ ನಂಗೆ ಉಂಡಿದ್ದು ಅರಗಾಕಿಲ್ಲ."

ಗೌಡರು ಅವಸರ ಮಾಡಿದರು. ಊರೆಲ್ಲ ನೋಡುತ್ತಿತ್ತು. ಒಡೆಯುವ ಕಲ್ಲು ಎರಡಡಿ ದೂರದಲ್ಲಿತ್ತು, ಕಾಯಿ ಎತ್ತಿ ಬೀಸಿದೆ. ಕಾಯಿ ಕಲ್ಲಿಗೆ ತಾಗದೆ ಪಕ್ಕದ ಮಣ್ಣಿನಲ್ಲಿ ಹೂತುಕೊಂಡಿತು. ನಾನು ಮೀಸೆ ತೀಡಿ, "ಕಾಯಿ ಸ್ವಲ್ಪ ಭಾರ," ಎಂದೆ.