ಹಿರುತ್ ಹುಟ್ಟಿದ ಹದಿಮೂರನೇ ತಿಂಗಳು

ಹಿರುತ್ ಅನ್ನೋ ಇಥಿಯೋಪಿಯಾ ಹುಡುಗಿ ಇನ್ನೂ ಹುಟ್ಟಿಲ್ಲ ಅಂತ ಚನ್ನಕೇಶವ ಸಾರ್ ಆಫೀಸಲ್ಲಿ ಭಾನುವಾರ ಬೆಳಿಗ್ಗೆ ತೀರ್ಮಾನ ಆಯ್ತು. ತೀರ್ಮಾನ ಆಗೋವಾಗ ಅವಳು ಅಲ್ಲೇ ನಿಂತು ಎಲ್ರಿಗೂ ಕಾಫಿ ಕೊಡ್ತಿದ್ಲು.

ಚನ್ನಕೇಶವ ಸಾರ್ ಇಲ್ಲಿ ಗಲ್ಫಲ್ಲಿ, ಬಿನ್ ಒಮ್ರಾನ್ ಏರಿಯಾದ ನಮ್ಮ ಬಿಲ್ಡಿಂಗಲ್ಲಿ ಎದುರು ಮನೆಯೋರು. ಮೈಸೂರಿನೋರು, ಕೇಟರಿಂಗ್ ಕಂಪನೀಲಿ ಎಚ್ಆರ್ ಮ್ಯಾನೇಜರ್ರು. ನಮ್ಮನೆಯವ್ರು ಅದೇ ಕಂಪನಿ ವ್ಯಾನ್ ಓಡಿಸ್ತಾರೆ. ಹಂಗಾಗಿ ಅರ್ಧ ಸುದ್ದಿ ವ್ಯಾನಲ್ಲಿ ಬರುತ್ತೆ, ಇನ್ನರ್ಧ ಬಾಗಿಲ ಸಂದೀಲಿ ಬರುತ್ತೆ. ನಾನಾಗಿ ಯಾರನ್ನೂ ಏನೂ ಕೇಳೋಳಲ್ಲ.

ಹಿರುತ್ ಮೊದಲು ಅಲ್ ರಯ್ಯಾನಲ್ಲಿ ಒಂದು ಮನೇಲಿ ಅಡುಗೆ ಮಾಡ್ಕೊಂಡಿದ್ಲು. ಅವ್ರು ಬೇರೆ ಕಡೆ ಸೇರ್ಕೋ ಅಂತ ಬಿಟ್ಟುಕೊಟ್ರು. ಈಗ ಕಂಪನಿ ಹೆಸರಲ್ಲಿ ಹೊಸ ವರ್ಕ್ ಪರ್ಮಿಟ್ ಆಗ್ಬೇಕು. ಆಗ್ಲಿಲ್ವೋ, ಆಗಸ್ಟ್ ಕೊನೇಲಿ ವಿಮಾನ ಹತ್ತಬೇಕು. ಊರಲ್ಲಿ ತಂಗಿ ನರ್ಸಿಂಗ್ ಓದ್ತಿರೋದು ಇವಳ ದುಡಿಮೇಲಿ.

"ಪಾಸ್‌ಪೋರ್ಟಲ್ಲಿ ಸೆಪ್ಟೆಂಬರ್. ಬರ್ತ್ ಸರ್ಟಿಫಿಕೇಟಲ್ಲಿ ಹದಿಮೂರನೇ ತಿಂಗಳು. ಏನಮ್ಮ ಇದು?" ಅಂದ್ರು ಸಾರ್.

ಹಿರುತ್ ತನ್ನ ಗಲ್ಫ್ ಹಿಂದೀಲಿ ಬಿಡಿಸಿ ಹೇಳಿದ್ಲು. ಅವ್ರ ದೇಶದಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕಿದ ಐದಾರು ದಿನ ಸೇರಿಸಿ ಪಗುಮೆ ಅಂತ ಒಂದು ಪುಟ್ಟ ತಿಂಗಳು. ಇವಳು ಹುಟ್ಟಿದ್ದು ಅದ್ರಲ್ಲಿ. ಇಲ್ಲಿಯ ಲೆಕ್ಕಕ್ಕೆ ಅದೇ ಸೆಪ್ಟೆಂಬರ್.

"ಸೆಪ್ಟೆಂಬರಲ್ಲಿ ಹುಟ್ಟಿರೋದು ನಿನ್ನ ಪಾಸ್‌ಪೋರ್ಟು, ನೀನಲ್ಲ. ನಮ್ಮ ಕಂಪ್ಯೂಟರಲ್ಲಿ ಹನ್ನೆರಡೇ ತಿಂಗಳಿರೋದು."

"ಹಂಗಾದ್ರೆ ನಾನು ಕೆಲಸಕ್ಕೆ ಬರ್ಲಾ ಬೇಡ್ವಾ ಸರ್?"

"ಬಾ. ಹುಟ್ಟದೇ ಇರೋರಿಗೆ ಸಂಬಳ ಕೊಟ್ರೆ ಆಡಿಟ್‌ನೋರು ಕೇಳ್ತಾರೆ. ಕೆಲಸ ಮಾಡಿಸ್ಕೊಂಡ್ರೆ ಕೇಳಲ್ಲ."

ಪಾಪ, ಸಾರ್‌ಗೂ ಸಂಕಟವೇ. ಶುಕ್ರವಾರ ಊಟಕ್ಕೆ ಕೂತಾಗ ಅವ್ರ ಹೆಂಡ್ತಿ ಕಾಂತಾಮಣಿ ಹುಳಿ ಬಡಿಸ್ತಾ ಅಂದ್ರು, "ಅದಕ್ಯಾಕ್ರೀ ಇಷ್ಟು ತಲೆ ಕೆಡಿಸ್ಕೋತೀರ? ನಮ್ಮಲ್ಲಿ ಅಧಿಕ ಮಾಸ ಬರಲ್ವಾ? ಅವ್ರದ್ದೂ ಹಂಗೇ ಅನ್ಕೊಳಿ."

"ಅಧಿಕ ಮಾಸದಲ್ಲಿ ಏನೇನು ಮಾಡ್ಬೋದೇ?"

"ಶುಭಕಾರ್ಯ ಒಂದೂ ಮಾಡಂಗಿಲ್ಲ. ದಾನ ಎಷ್ಟು ಬೇಕಾದ್ರೂ ಮಾಡ್ಬೋದು."

ಸಾರ್ ಊಟ ಅರ್ಧಕ್ಕೇ ಬಿಟ್ಟು ಎದ್ರಂತೆ. ಹುಳಿ ಚೆನ್ನಾಗಿಲ್ವೇನೋ ಅನ್ಕೊಂಡ್ರು ಕಾಂತಾಮಣಿ.

ಭಾನುವಾರ ಮೆಸ್ ಗೋಡೆ ಮೇಲೆ ಪ್ರಕಟಣೆ ಬಿತ್ತು:

"ಮಾನವೀಯ ದೃಷ್ಟಿಯಿಂದ ಕಂಪನಿಯು ಹದಿಮೂರನೇ ತಿಂಗಳನ್ನು ಮಾನ್ಯ ಮಾಡಿದೆ. ಸದರಿ ತಿಂಗಳಿಗೆ ಅಗತ್ಯವಿರುವ ಐದು ದಿನಗಳನ್ನು ಸೆಪ್ಟೆಂಬರ್ ಕೊನೆಯಿಂದ ಪಡೆಯಲಾಗುವುದು. ಸಂಬಳ ನೀಡುವುದು ಶುಭಕಾರ್ಯವಾದ್ದರಿಂದ ಸದರಿ ತಿಂಗಳಲ್ಲಿ ಅದು ನಿಷಿದ್ಧ. ನೌಕರರು ಮಾಡುವ ಕೆಲಸವನ್ನು ದಾನವೆಂದು ಪರಿಗಣಿಸಲಾಗುವುದು. ದಾನದ ಫಲ ನೌಕರರಿಗೆ, ಕೆಲಸದ ಫಲ ಕಂಪನಿಗೆ."

ವಿಟ್ಲದ ರಮೀಝ್ ಮೆಸ್ಸಲ್ಲಿ ಪರೋಟ ಹಾಕೋನು. ಅವನು ಸೀದಾ ಹೋಗಿ ಕೇಳ್ದ, "ಸಾರ್, ನಾವು ಬ್ಯಾರಿಗಳು. ನಮಗೆಂಥ ಅಧಿಕ ಮಾಸ ಉಂಟು?"

"ಕಂಪನಿಗೆ ಜಾತಿ ಮತ ಇಲ್ಲ ರಮೀಝ್."

ರಮೀಝ್‌ಗೆ ಇದು ಒಳ್ಳೇ ಮಾತು ಅನ್ನಿಸ್ತು. ತೆಪ್ಪಗೆ ವಾಪಸ್ ಬಂದ.

ತಿಂಗಳೇನೋ ಕಂಪ್ಯೂಟರೊಳಗೆ ಬಂತು, ಹಿರುತ್ ಪರ್ಮಿಟ್ ಬರ್ಲಿಲ್ಲ. ಯಾಕಂದ್ರೆ ಕಾಂತಾಮಣಿ ಇನ್ನೊಂದು ಮಾತು ತೆಗೆದ್ರು. "ಅಲ್ಲಾರೀ, ಹೆಣ್ಣುಮಗಳು ಹುಟ್ಟೋದು ಲಕ್ಷ್ಮಿ ಬಂದಂಗೆ. ಅದು ಶುಭಕಾರ್ಯ ಅಲ್ವಾ? ಅಧಿಕ ಮಾಸದಲ್ಲಿ ಹೆಂಗೆ ಹುಟ್ತಾಳೆ?"

ಮತ್ತೆ ಮೀಟಿಂಗು. ಮತ್ತೆ ಹಿರುತ್ ಕೈಯಲ್ಲೇ ಕಾಫಿ. ಅವಳ ದೇಶದ ಪದ್ಧತೀಲಿ ಒಂದ್ಸಲ ಕೂತ್ರೆ ಮೂರು ಸಲ ಕಾಫಿ. ಮೂರನೇ ಸಲಕ್ಕೆ ತೀರ್ಮಾನ ಆಯ್ತು: ಹದಿಮೂರನೇ ತಿಂಗಳಲ್ಲಿ ಹುಟ್ಟೋದು ನಿಯಮಕ್ಕೆ ವಿರುದ್ಧ. ಆದ್ರಿಂದ ಹಿರುತ್ ಹುಟ್ಟನ್ನ ಹತ್ತಿರದ ಶುಭ ತಿಂಗಳಿಗೆ, ಅಂದ್ರೆ ಸೆಪ್ಟೆಂಬರ್‌ಗೆ, ವರ್ಗ ಮಾಡಲಾಗಿದೆ.

ಪಾಸ್‌ಪೋರ್ಟಲ್ಲಿ ಇದ್ದಿದ್ದೂ ಅದೇ. ಕಂಪ್ಯೂಟರ್ ಒಪ್ಕೊಳ್ತು. ಆಗಸ್ಟ್ ಮುಗಿಯೋದ್ರೊಳಗೆ ಪರ್ಮಿಟ್ ಕೈಗೆ ಬಂತು. ಹಿರುತ್ ನಮ್ಮನೇಗೆ ಬಂದು ನನ್ನ ತಬ್ಕೊಂಡು ಅತ್ಲು. "ದೀದಿ, ನಾನು ಹುಟ್ಟಿದೆ!"

"ಒಳ್ಳೇದಾಯ್ತು ಕಣಮ್ಮ. ಅದ್ಸರಿ, ನಿಮ್ಮೂರಲ್ಲಿ ಆ ಪುಟ್ಟ ತಿಂಗಳಿಗೆ ಸಂಬಳ ಕೊಡ್ತಾರಾ?"

"ಮಾಫಿ, ಇಲ್ಲ ದೀದಿ. ಅಲ್ಲೂ ಹನ್ನೆರಡೇ ಸಂಬಳ," ಅಂದು ಕಣ್ಣೊರೆಸ್ಕೊಂಡ್ಲು.

ರಮೀಝ್ ಮತ್ತೆ ಹೋಗಿ ಕೇಳ್ದ. "ಸಾರ್, ಅವಳಂತೂ ಸೆಪ್ಟೆಂಬರಿಗೆ ಹೋದಳಲ್ಲ. ಇನ್ನು ಹದಿಮೂರನೇ ತಿಂಗಳು ಖಲಾಸ್ ಅಲ್ವಾ?"

"ಅದೆಂಗಾಗುತ್ತೆ? ಸಿಸ್ಟಮಲ್ಲಿ ಎಂಟ್ರಿ ಆಗ್ಹೋಗಿದೆ. ಸುಮ್ನೆ ಒಂದು ತಿಂಗಳನ್ನ ಯಾರಾದ್ರೂ ಹಾಳು ಮಾಡ್ತಾರಾ?"

"ಹಾಗಾದ್ರೆ ಓವರ್‌ಟೈಮ್ ಮಾಡಿದ್ರೆ ಸಾರ್?"

"ಅದು ಅಧಿಕ ದಾನ."

ಇವತ್ತು ಆ ತಿಂಗಳ ಮೊದಲ್ನೇ ದಿನ. ನಮ್ಮನೆಯವ್ರು ಬೇಗ ಎದ್ದು ತಲೆಗೆ ಸ್ನಾನ ಮಾಡಿ, ವಿಭೂತಿ ಇಟ್ಕೊಂಡು, ದಾನ ಮಾಡೋಕೆ ವ್ಯಾನ್ ತಗೊಂಡು ಹೋದ್ರು. ಬರಿಗೈಲಿ ಹೋಗ್ಬಾರ್ದು ಅಂತ ನಾನೇ ಒಂದು ಡಬ್ಬಿ ಕಜ್ಜಾಯ ಕೊಟ್ಟು ಕಳಿಸ್ದೆ, ಕಂಪನಿಗೆ.