ಸಂಪಗಾಂವದ ಮಿದುಳು ಪರೀಕ್ಷೆ

ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನನಗೆ ಮನುಷ್ಯನ ಮಿದುಳು ಪೂರ್ತಿ ಅರ್ಥವಾಗಿಬಿಟ್ಟಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ದಿನಾ ಸಂಪಗಾಂವದಿಂದ ಬೈಲಹೊಂಗಲದ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ನಾನು ಪ್ರಾಣಿಶಾಸ್ತ್ರದಲ್ಲಿ ಮಿದುಳು ಮತ್ತು ನರಮಂಡಲದ ವಿಷಯ ಆರಿಸಿಕೊಂಡಿದ್ದೆ. ಪುಸ್ತಕದ ನಲವತ್ತು ಪುಟ ಓದಿದ್ದೆ. ಊರಿನಲ್ಲಿ ಬೇರೆ ಯಾರೂ ಒಂದು ಪುಟವನ್ನೂ ಓದಿರಲಿಲ್ಲ. ಅಷ್ಟು ಸಾಕಲ್ಲ!

ಪ್ರಾಜೆಕ್ಟು ಪಾಸಾಗದಿದ್ದರೆ ಡಿಗ್ರಿ ಇಲ್ಲ. ವಯಸ್ಸಾದಂತೆ ಮಿದುಳು ನಿಧಾನವಾಗುತ್ತದೆಂದು ಸಾಧಿಸಿ ತೋರಿಸುವುದಾಗಿ ನಮ್ಮ ಸರ್‌ಗೆ ಮಾತು ಕೊಟ್ಟೆ. ಸಾಧನ, ಒಂದು ಅಡಿಯ ಮರದ ಸ್ಕೇಲು. ನಾನು ಮೇಲಿನ ತುದಿ ಹಿಡಿದು ಬಿಡಬೇಕು; ಎದುರಿನವರು ಕೆಳಗೆ ಎರಡು ಬೆರಳು ಚಾಚಿ ಗಪ್ಪನೆ ಹಿಡಿಯಬೇಕು. ಹಿಡಿಯಲು ಎಷ್ಟು ತಡವೋ ಮಿದುಳು ಅಷ್ಟು ನಿಧಾನ.

ಭಾನುವಾರ ಮುಂಜಾನೆ ಮನೆಯ ಕಟ್ಟೆಯ ಮೇಲೆ ಪ್ರಯೋಗಶಾಲೆ ತೆರೆದೆ. ಮೊದಲು ಸಿಕ್ಕವಳು ಪಕ್ಕದ ಮನೆಯ ನೀಲವ್ವಜ್ಜಿ. ಎಪ್ಪತ್ತು ದಾಟಿದ ಜೀವ. ಸ್ಕೇಲು ಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಹಿಡಿದಳು!

"ಮುಗೀತೇನವಾ? ರೊಟ್ಟಿ ತಿರುವೂದಕ್ಕಿಂತ ಹಗೂರ ಐತಲ್ಲ!"

ಅಕಸ್ಮಾತ್ ಆಗಿರಬೇಕು ಎಂದುಕೊಂಡೆ. ನೋಟ್‌ಬುಕ್ ತೆಗೆದು, "ಅಜ್ಜಿ, ಖರೇ ವಯಸ್ಸು ಎಷ್ಟು?" ಎಂದು ಕೇಳಿದೆ.

ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು. ನಮ್ಮ ಊರಿನಲ್ಲಿ ಮುದುಕರ ವಯಸ್ಸು ಕೇಳಿ ಬರೆದುಕೊಳ್ಳುವವರು ವೃದ್ಧಾಪ್ಯ ವೇತನ ಕೊಡುವ ಸರ್ಕಾರದವರು ಮಾತ್ರ. ಅಜ್ಜಿ ಗುಡಿಗೆ ಹೋಗಿ ಬರುವುದರೊಳಗೆ ಸುದ್ದಿ ಊರೆಲ್ಲ ಹರಡಿತ್ತು: "ಅಡಿಪಟ್ಟಿ ಹಿಡದವರಿಗೆ ಕಸುವು ಐತಿ ಅಂತ ಬರೀತಾರಂತ. ಮುದುಕರ ಪಗಾರ ಬಂದ್ ಅಂತ!"

ಇದು ಆಗ ನನಗೆ ಗೊತ್ತಿರಲಿಲ್ಲ. ತಾಸಿನೊಳಗೆ ಕಟ್ಟೆಯ ಮುಂದೆ ಹಿರಿಯರ ಸಾಲು ನಿಂತದ್ದನ್ನು ಕಂಡು, ವಿಜ್ಞಾನದ ಮೇಲೆ ಇವರಿಗೆ ಎಂಥ ಪ್ರೀತಿ ಎಂದು ಹಿಗ್ಗಿದೆ.

ಬಸಪ್ಪಜ್ಜನ ಎದುರು ಸ್ಕೇಲು ಬಿಟ್ಟೆ. ಅದು ನೆಲಕ್ಕೆ ಬಿದ್ದು ಟಪ್ ಎಂದಿತು. ಅಜ್ಜ ಬೆರಳು ಚಾಚಿಕೊಂಡೇ ಇದ್ದ.

"ಯಾವಾಗ ಬಿಡತೀ ತಂಗಿ?"

ಗಂಗವ್ವಜ್ಜಿ ಗಾಳಿಯಲ್ಲಿ ಕೈಯಾಡಿಸಿ, "ಪಟ್ಟಿ ಎಲ್ಲೈತಿ?" ಎಂದಳು. ಒಬ್ಬರೂ ಹಿಡಿಯಲಿಲ್ಲ.

ಟೆಂಪೊ ಓಡಿಸುವ ದಸ್ತಗೀರ ಕಾಕಾನ ಕಿವಿಗೆ ಬಿದ್ದದ್ದು ಬೇರೆ ಸುದ್ದಿ. ಹಿಡಿಯದಿದ್ದರೆ ಲೈಸೆನ್ಸ್ ಹೋಗುತ್ತದೆಂದು! ನಾನು ಬಿಡುವ ಮೊದಲೇ ಹಿಡಿದುಬಿಟ್ಟ. ಪ್ರಾಯದವರ ಪಟ್ಟಿಯಲ್ಲಿ ಅವನಿಗೆ ಸೊನ್ನೆ ಸೆಕೆಂಡು ಬರೆದೆ.

ರಾತ್ರಿ ಊಟಕ್ಕೆ ಬಡಿಸುತ್ತ ಅವ್ವ ಅಂದಳು, "ಬಸಪ್ಪಜ್ಜ ನಿನ್ನೆರ ಗಿಡ ಹತ್ತಿ ಹುಣಸಿಕಾಯಿ ಬಡಿಯಾಕತ್ತಿದ್ದಲ್ಲ!"

"ಅವ್ವಾ, ಅದು ತೋಳಿನ ಬಲ. ಇದು ಮಿದುಳು. ನಿನಗ ತಿಳಿಯೂದಿಲ್ಲ," ಎಂದೆ.

ಗ್ರಾಫು ನೋಡಿದ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಸುವರ್ಣಾ, ಇದು ಖರೇ ಇದ್ರ ನಿಮ್ಮೂರ ನೀರು ಪರೀಕ್ಷಾ ಮಾಡಸಬೇಕಾಗತೈತಿ! ಬರೂ ಐತವಾರ ನಾನಽ ಬರತೇನಿ."

ನನ್ನ ಸಂಶೋಧನೆ ನೋಡಲು ಸರ್ ಊರಿಗೇ ಬರುತ್ತಾರೆ! ಅವ್ವನಿಂದ ಹೊಸ ಕಪ್ಪು-ಬಸಿ ತೆಗೆಸಿದೆ.

ಪ್ಯಾಂಟು, ಬೂಟು, ಕೈಯಲ್ಲಿ ಬ್ಯಾಗು. ಭಾನುವಾರ ಸರ್ ಬಸ್ಸಿನಿಂದ ಇಳಿದ ಕೂಡಲೇ, ದೊಡ್ಡ ಸಾಹೇಬರೇ ಬಂದರೆಂದು ಊರು ತಿಳಿಯಿತು. ಬಸಪ್ಪಜ್ಜನನ್ನು ಇಬ್ಬರು ಹಿಡಿದುಕೊಂಡು ಬಂದರು. ಗಂಗವ್ವಜ್ಜಿ ಕಟ್ಟೆಯ ಮೇಲೆ ಅಡ್ಡಾದಳು. ಪಾಪ ಅನ್ನಿಸಿ ಸರ್ ಮುಖ ಸಣ್ಣದಾಯಿತು.

ನಾನು ತಾಟಿನಲ್ಲಿ ಚಹಾ ತಂದೆ. ಹೊಸ್ತಿಲು ಎಡವಿದೆ. ತಾಟು ಹಾರಿತು!

ಮಲಗಿದ್ದ ಗಂಗವ್ವಜ್ಜಿ ಎದ್ದು ತಾಟು ಹಿಡಿದಳು. ನೀಲವ್ವಜ್ಜಿಯ ಕೈಯಲ್ಲಿ ಎರಡು ಬಸಿ. ಬಸಪ್ಪಜ್ಜ ತನ್ನನ್ನು ಹಿಡಿದವರಿಬ್ಬರನ್ನೂ ಸರಿಸಿ ಜಿಗಿದು, ಸರ್ ಅವರ ಅಂಗಿಯ ಹತ್ತಿರ ಹೋಗುತ್ತಿದ್ದ ಕಪ್ಪನ್ನು ತಡೆದ. ಅರ್ಧ ಚಹಾ ಇನ್ನೂ ಅದರಲ್ಲೇ ಇತ್ತು. ನಾನು ಎರಡೂ ಕೈ ಚಾಚಿ ಹಾಗೇ ನಿಂತಿದ್ದೆ.

ಬಸಪ್ಪಜ್ಜ ಮೆಲ್ಲಗೆ ಕಪ್ಪು ಕೆಳಗಿಟ್ಟು ಬೆನ್ನು ಬಾಗಿಸಿಕೊಂಡ.

"ಸಾಹೇಬ್ರ, ಇದು ಲೆಕ್ಕಕ್ಕಿಲ್ರಿ!"

ಸರ್ ನಕ್ಕ ನಗೆಗೆ ಕನ್ನಡಕ ಜಾರಿತು. ಪಗಾರದ ಸುದ್ದಿಯನ್ನು ಕೇಳಿ ತಿಳಿದುಕೊಂಡು, ತಾವು ಬರೀ ಮಾಸ್ತರರೆಂದೂ, ಪಗಾರ ನಿಲ್ಲಿಸುವ ಅಧಿಕಾರ ತಮಗಿಲ್ಲವೆಂದೂ ಹೇಳಿದರು. ಅಂದು ಎಲ್ಲರೂ ಸ್ಕೇಲು ಹಿಡಿದರು, ಹರೆಯದವರಂತೆ. ನನ್ನ ಕೈಗೂ ಒಮ್ಮೆ ಬಿಟ್ಟು ನೋಡಿದರು. ಆ ಅಂಕಿ ಇಲ್ಲಿ ಬೇಡ.

ಬಸ್ಸು ಹತ್ತುವ ಮುಂದೆ ಸರ್ ಅಂದರು, "ಊರ ಮುದುಕರೆಲ್ಲಾ ಕೂಡಿ ನಿನ್ನ ಆಡಿಸ್ಯಾರ. ಯಾರ ಮಿದುಳು ನಿಧಾನ ಅನ್ನೂದನ್ನ ಈಗರ ಖರೇ ಬರಿಯವಾ."

ಹೊಸದಾಗಿ ಬರೆದೆ. ಪೀಠಿಕೆಗೆ ಅರ್ಧ ಅಂಕ, ವಿಧಾನಕ್ಕೆ ಸೊನ್ನೆ, ಗ್ರಾಫಿನ ಮೇಲೆ ಕೆಂಪು ಗೆರೆ. ಕೊನೆಯ ಪುಟದ ನಿರ್ಣಯ ಒಂದೇ ವಾಕ್ಯ: "ನಿಧಾನದ ಮಿದುಳು ಸಂಶೋಧಕಿಯದು."

ಅದಕ್ಕೆ ಪೂರ್ತಿ ಅಂಕ ಬಂತು. ಪಾಸಾದೆ.